ಹಳೆಯ ಡ್ಯೂನ್ ಬಗ್ಗಿ: ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು

ಗಲ್ಫಿನಲ್ಲಿರುವ ಅಣ್ಣನೋ ಮಾವನೋ ಕಳಿಸಿದ ವಿಡಿಯೋದಲ್ಲಿ ನಿಮ್ಮಲ್ಲಿ ಹಲವರು ಇದನ್ನು ನೋಡಿರುತ್ತೀರಿ. ಬಾಗಿಲಿಲ್ಲದ, ದಪ್ಪ ಟಯರಿನ, ಪಂಜರದಂಥ ಗಾಡಿಯೊಂದು ಮರಳಿನ ದಿಬ್ಬ ಹತ್ತಿ ಆಚೆಗೆ ಜಿಗಿಯುತ್ತದೆ. ಅದೇ ಡ್ಯೂನ್ ಬಗ್ಗಿ. ಡ್ಯೂನ್ ಎಂದರೆ ಮರಳಿನ ದಿಬ್ಬ. ದುಬೈಯ ಮರುಭೂಮಿಯಲ್ಲಿ ಬಾಡಿಗೆಗೆ ಸಿಗುವುದು ಹೆಚ್ಚಾಗಿ ಕಾರ್ಖಾನೆಯಲ್ಲೇ ತಯಾರಾದ ಈಗಿನ ಗಾಡಿಗಳು. ಆದರೆ ಈ ಜಾತಿಯ ಗಾಡಿ ಹೆಸರು ಮಾಡಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಮನೆ ಗ್ಯಾರೇಜುಗಳಲ್ಲಿ. ಅಲ್ಲಿ ಐವತ್ತು ವರ್ಷಗಳ ಹಿಂದೆ ಯಾರೋ ಮನೆಯಲ್ಲೇ ಕಟ್ಟಿದ ಬಗ್ಗಿಯನ್ನು ಶೆಡ್ಡಿನಿಂದ ಹೊರಗೆಳೆದು, ರಿಪೇರಿ ಮಾಡಿ, ಮತ್ತೆ ಓಡಿಸುವ ಹವ್ಯಾಸ ಇಂದಿಗೂ ಇದೆ. ಆ ಕೆಲಸ ಹೇಗೆ ನಡೆಯುತ್ತದೆ ಎಂದು ಇಲ್ಲಿ ಹೇಳುತ್ತೇನೆ. ನಮ್ಮ ಪಿಯುಸಿ ಪಾಠದ ಎಷ್ಟೋ ವಿಷಯಗಳು ಈ ಗಾಡಿಯ ಅಡಿಯಲ್ಲಿ ಎದುರಾಗುತ್ತವೆ.

ಮೊದಲು ಸ್ವಲ್ಪ ಇತಿಹಾಸ. ಬ್ರೂಸ್ ಮೇಯರ್ಸ್ ಎಂಬ ದೋಣಿ ಕಟ್ಟುವ ಕುಶಲಕರ್ಮಿ 1964ರಲ್ಲಿ ‘ಮೇಯರ್ಸ್ ಮ್ಯಾಂಕ್ಸ್’ ಎಂಬ ಬಗ್ಗಿಯನ್ನು ರೂಪಿಸಿದರು. ದೋಣಿಗೆ ಬಳಸುವ ಫೈಬರ್ ಗ್ಲಾಸನ್ನೇ ಗಾಡಿಯ ಮೈಗೆ ಬಳಸಿದರು. ಒಳಗಿನ ಎಂಜಿನ್, ಗೇರ್ ಬಾಕ್ಸ್, ಚಕ್ರ, ಸ್ಟಿಯರಿಂಗ್ ಎಲ್ಲವೂ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನವು. 1967ರಲ್ಲಿ ಮೇಯರ್ಸ್ ಮತ್ತು ಅವರ ಜೊತೆಗಾರ ಮೆಕ್ಸಿಕೋದ ಬಾಹಾ ಪರ್ಯಾಯ ದ್ವೀಪದ ಲಾ ಪಾಜ್‌ನಿಂದ ಟಿಹುವಾನಾ ಊರಿಗೆ, ರಸ್ತೆಯೇ ಸರಿಯಿಲ್ಲದ ದಾರಿಯಲ್ಲಿ, 35 ಗಂಟೆಗೂ ಕಡಿಮೆ ಸಮಯದಲ್ಲಿ ತಲುಪಿದರು. ಅಲ್ಲಿಯವರೆಗೆ ಮೋಟಾರ್ ಸೈಕಲ್ ಸವಾರರ ಹೆಸರಿನಲ್ಲಿದ್ದ ದಾಖಲೆ ಐದು ಗಂಟೆಗಳಷ್ಟು ಅಂತರದಲ್ಲಿ ಮುರಿಯಿತು. ಆಮೇಲೆ ಬಗ್ಗಿಯ ಹುಚ್ಚು ಹಬ್ಬಿತು. ನೂರಾರು ಜನ ಅದೇ ಆಕಾರವನ್ನು ನಕಲು ಮಾಡಿ ಮಾರಿದರು. ಮೇಯರ್ಸ್ ಕೋರ್ಟಿಗೆ ಹೋದರೂ ಪೇಟೆಂಟ್ ಉಳಿಯಲಿಲ್ಲ. 2021ರಲ್ಲಿ, 94ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಮೇಯರ್ಸ್ ಬೀಟಲನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅದರ ಎಂಜಿನ್ ಹಿಂದುಗಡೆ ಇದೆ, ತಿರುಗಿಸುವ ಚಕ್ರಗಳೂ ಹಿಂದಿನವೇ. ಎಂಜಿನ್ನಿನ ಭಾರ ಹಿಂದಿನ ಚಕ್ರಗಳನ್ನು ಮರಳಿಗೆ ಒತ್ತುತ್ತದೆ. ಒತ್ತುವ ಬಲ ಹೆಚ್ಚಾದಷ್ಟು ಘರ್ಷಣೆ ಹೆಚ್ಚು, ಹಿಡಿತ ಹೆಚ್ಚು. ಎಂಜಿನ್ ತಣಿಯುವುದು ಗಾಳಿಯಿಂದ. ರೇಡಿಯೇಟರ್ ಇಲ್ಲ, ಕುದಿಯಲು ನೀರೂ ಇಲ್ಲ. ಇನ್ನೊಂದು ಅನುಕೂಲವೆಂದರೆ ಬೀಟಲಿನ ಮೈಯನ್ನು ಬೋಲ್ಟ್ ಬಿಚ್ಚಿ ಪೂರ್ತಿ ಎತ್ತಿಡಬಹುದು. ಕೆಳಗೆ ನಡುವೆ ಬೆನ್ನೆಲುಬಿನಂಥ ಉಕ್ಕಿನ ಸುರಂಗ, ಎರಡು ಬದಿಗೆ ತಗಡಿನ ಹಾಸು ಉಳಿಯುತ್ತದೆ. ಇದನ್ನು ಫ್ಲೋರ್‌ಪ್ಯಾನ್ ಎನ್ನುತ್ತಾರೆ.

ಗಮನಿಸಬೇಕಾದ ಸಂಗತಿ ಇಲ್ಲಿದೆ. ಮ್ಯಾಂಕ್ಸ್ ಮಾದರಿಯ ಬಗ್ಗಿಗೆ ಬೀಟಲಿನ ಉದ್ದ ಜಾಸ್ತಿಯಾಯಿತು. ಆದ್ದರಿಂದ ಫ್ಲೋರ್‌ಪ್ಯಾನನ್ನು ಅಡ್ಡಕ್ಕೆ ಕತ್ತರಿಸಿ, ಸುಮಾರು 14 ಅಂಗುಲದ ತುಂಡು ತೆಗೆದು, ಉಳಿದೆರಡು ಭಾಗಗಳನ್ನು ಸೇರಿಸಿ ವೆಲ್ಡಿಂಗ್ ಮಾಡುತ್ತಿದ್ದರು. ಮಾಡಿದ್ದು ಕಂಪನಿಯಲ್ಲ. ಕಿಟ್ ಕೊಂಡವನು ತಾನೇ ಮಾಡಿದ, ಇಲ್ಲವೇ ಪಕ್ಕದ ಬೀದಿಯ ವೆಲ್ಡರ್ ಮಾಡಿಕೊಟ್ಟ. ಒಬ್ಬ ಚೆನ್ನಾಗಿ ಮಾಡಿದ್ದಾನೆ, ಇನ್ನೊಬ್ಬ ಮೇಲೆ ಮೇಲೆ ಅಂಟಿಸಿ ಬಣ್ಣ ಬಳಿದಿದ್ದಾನೆ. ಇಂದು ಆ ಗಾಡಿ ಕೊಂಡವನ ಜೀವ ನಿಂತಿರುವುದು ಆ ಹೆಸರು ಗೊತ್ತಿಲ್ಲದ ವ್ಯಕ್ತಿಯ ಬೆಸುಗೆಯ ಮೇಲೆ. ಹಾಗಾಗಿ ರಿಪೇರಿಯ ಮೊದಲ ಕೆಲಸ ಹೊಸ ಬಣ್ಣವೂ ಅಲ್ಲ, ದೊಡ್ಡ ಎಂಜಿನ್ನೂ ಅಲ್ಲ. ಹಿಂದಿನವನು ಏನು ಮಾಡಿದ್ದಾನೆ ಎಂದು ಕಂಡುಹಿಡಿಯುವುದು.

ಅದಕ್ಕೆ ಮೈಯನ್ನು ಎತ್ತಿಟ್ಟು, ತಂತಿ ಬ್ರಷ್ಷಿನಿಂದ ಹಳೆಯ ಬಣ್ಣವನ್ನೆಲ್ಲ ಕೆರೆದು ತೆಗೆಯಬೇಕು. ಬೆಸುಗೆಯ ಗೆರೆ ಕಾಣುವವರೆಗೆ. ಅದರಲ್ಲಿ ತೂತು, ಬಿರುಕು ಇದ್ದರೆ ಅಥವಾ ತಗಡು ಸುಟ್ಟು ತೆಳುವಾಗಿದ್ದರೆ ಕತ್ತರಿಸಿ ಹೊಸದಾಗಿ ಮಾಡಬೇಕು. ತುಕ್ಕನ್ನೂ ನೋಡಬೇಕು. ಬೀಟಲಿನ ಬ್ಯಾಟರಿ ಕೂರುವುದು ಹಿಂದಿನ ಸೀಟಿನ ಕೆಳಗೆ, ಬಲಬದಿಯ ತಗಡಿನ ಮೇಲೆ. ಅದೇ ಪ್ಯಾನನ್ನು ಬಗ್ಗಿಗೆ ಬಳಸಿರುವುದರಿಂದ ಸೋರಿದ ಆಮ್ಲ ಆ ಮೂಲೆಯನ್ನು ತಿಂದಿರುವ ಸಾಧ್ಯತೆ ಹೆಚ್ಚು. ಸ್ಕ್ರೂಡ್ರೈವರಿನ ತುದಿಯಿಂದ ತಟ್ಟಿದರೆ ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ತೂತು ಬೀಳುತ್ತದೆ. ಆಮೇಲೆ ಟೇಪು ಹಿಡಿದು ಎಡಬದಿಯ ಎರಡು ಚಕ್ರಗಳ ನಡುವಿನ ದೂರ, ಬಲಬದಿಯದು, ಎರಡು ಕರ್ಣಗಳು, ಇಷ್ಟನ್ನು ಅಳೆಯಬೇಕು. ಕರ್ಣಗಳು ಸಮವಿಲ್ಲದಿದ್ದರೆ ಜೋಡಿಸುವಾಗಲೇ ಸೊಟ್ಟಗಾಗಿದೆ ಎಂದರ್ಥ. ಅಂಥ ಗಾಡಿ ಸ್ಟಿಯರಿಂಗ್ ನೇರ ಹಿಡಿದರೂ ಒಂದು ಬದಿಗೆ ಎಳೆಯುತ್ತದೆ.

ಪ್ಯಾನ್ ಕತ್ತರಿಸುವಾಗ ಸುರಂಗದ ಒಳಗೆ ಹಾದುಹೋಗುವ ಗೇರ್ ಸರಳನ್ನೂ ಕತ್ತರಿಸಿ ಜೋಡಿಸಿರುತ್ತಾರೆ. ಅದು ಕೊಂಚ ತಿರುಚಿ ಕೂತಿದ್ದರೂ ಗೇರ್ ಸರಿಯಾಗಿ ಬೀಳುವುದಿಲ್ಲ. ಇದು ಗೊತ್ತಿಲ್ಲದೆ ಗೇರ್ ಬಾಕ್ಸ್ ಪೂರ್ತಿ ಬಿಚ್ಚಿ ಕೂತರೆ ಹಣವೂ ದಂಡ, ಸಮಯವೂ ದಂಡ.

ಎರಡನೆಯದು ಬ್ರೇಕ್. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಮೂಲಕ ಒತ್ತಡ ನಾಲ್ಕೂ ಚಕ್ರಗಳಿಗೆ ಹೋಗುವುದು ಪಾಸ್ಕಲನ ನಿಯಮದಂತೆ. ಆದರೆ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ನೀರು ಸಿಲಿಂಡರಿನ ಒಳಗೆ ತುಕ್ಕು ಹಿಡಿಸುತ್ತದೆ, ಆಯಿಲಿನ ಕುದಿಬಿಂದುವನ್ನೂ ಇಳಿಸುತ್ತದೆ. ಬಿಸಿಯಾದಾಗ ಆವಿಯ ಗುಳ್ಳೆ ಹುಟ್ಟಿದರೆ, ದ್ರವದಂತಲ್ಲದೆ ಆವಿ ಕುಗ್ಗುವುದರಿಂದ ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ. 1960ರ ದಶಕದ ಹೆಚ್ಚಿನ ಬೀಟಲುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಆಯಿಲ್ ದಾರಿ. ಒಂದು ಕಡೆ ಪೈಪು ಒಡೆದರೆ ನಾಲ್ಕೂ ಹೋದಂತೆ. ಆದ್ದರಿಂದ ತಿಳಿದವರು ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರ್, ರಬ್ಬರ್ ಪೈಪು ಎಲ್ಲವನ್ನೂ ಬದಲಿಸಿ, ಮುಂದೆ ಹಿಂದೆ ಬೇರೆ ಬೇರೆ ದಾರಿ ಇರುವ ಮಾಸ್ಟರ್ ಸಿಲಿಂಡರ್ ಹಾಕುತ್ತಾರೆ. ಮಾರ್ಪಾಡು ಎಂದರೆ ಮೊದಲು ಮಾಡಬೇಕಾದ್ದು ಇದು.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಹಿಂದಿನ ಸಸ್ಪೆನ್ಷನ್. ಬೀಟಲಿನಲ್ಲಿ ಸುರುಳಿ ಸ್ಪ್ರಿಂಗ್ ಇಲ್ಲ. ತಿರುಚಿಕೊಳ್ಳುವ ಉಕ್ಕಿನ ಸರಳುಗಳೇ ಸ್ಪ್ರಿಂಗ್. ಭಾರವಾದ ಕಾರಿನ ಮೈ ತೆಗೆದು ಹಗುರ ಫೈಬರ್ ಮೈ ಕೂರಿಸಿದಾಗ ಈ ಸರಳುಗಳಿಗೆ ಹೊರೆ ಸಾಲದೆ ಗಾಡಿಯ ಹಿಂಭಾಗ ಮೇಲೇಳುತ್ತದೆ. ಚಕ್ರಗಳು ಓರೆಯಾಗಿ ನಿಲ್ಲುತ್ತವೆ, ತಿರುವಿನಲ್ಲಿ ಹಿಡಿತ ತಪ್ಪುತ್ತದೆ. ಸರಿಪಡಿಸಲು ಸರಳನ್ನು ಸ್ವಲ್ಪ ತಿರುಗಿಸಿ ಕೂರಿಸಬೇಕು. ಸರಳಿನ ಒಳತುದಿಯಲ್ಲಿ 40 ಹಲ್ಲು, ಹೊರತುದಿಯಲ್ಲಿ 44 ಹಲ್ಲು ಇವೆ. ಒಳಗೆ ಒಂದು ಹಲ್ಲು ಸರಿಸಿದರೆ 360 ಭಾಗಿಸು 40, ಅಂದರೆ 9 ಡಿಗ್ರಿ. ಹೊರಗೆ ಒಂದು ಹಲ್ಲು ವಿರುದ್ಧ ದಿಕ್ಕಿಗೆ ಸರಿಸಿದರೆ 360 ಭಾಗಿಸು 44, ಸುಮಾರು 8.18 ಡಿಗ್ರಿ. ವ್ಯತ್ಯಾಸ 0.82 ಡಿಗ್ರಿ. ಒಂದು ಡಿಗ್ರಿಗಿಂತ ಕಡಿಮೆ ಹೊಂದಾಣಿಕೆ ಎರಡು ದೊಡ್ಡ ಹಲ್ಲುಗಳಿಂದ ಸಿಕ್ಕಿತು! ಲ್ಯಾಬಿನಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದವರಿಗೆ ಉಪಾಯ ಗುರುತು ಸಿಗುತ್ತದೆ. ಆದರೆ ಎಚ್ಚರ. ಸರಳಿಗೆ ಜೋಡಿಸಿದ ಪಟ್ಟಿ ಭಾರಿ ಬಲದಿಂದ ಒತ್ತಿ ಕೂತಿರುತ್ತದೆ. ಜ್ಯಾಕಿನ ಆಸರೆಯಿಲ್ಲದೆ ಅದನ್ನು ತಡೆಯಿಂದ ಎಬ್ಬಿದರೆ ಕೈ ಮೂಳೆ ಮುರಿಯುವಷ್ಟು ರಭಸದಿಂದ ಚಿಮ್ಮುತ್ತದೆ. ಜ್ಯಾಕ್ ಒಂದನ್ನೇ ನಂಬಿ ಗಾಡಿಯ ಅಡಿಗೆ ಹೋಗುವುದೂ ಸಲ್ಲದು, ಸ್ಟ್ಯಾಂಡ್ ಇಟ್ಟೇ ಹೋಗಬೇಕು.

ಬೆಂಕಿಯ ವಿಷಯವನ್ನೂ ಹೇಳಬೇಕು. ಈ ಎಂಜಿನ್ನಿನ ಹೊರಕವಚ ಮೆಗ್ನೀಸಿಯಂ ಮಿಶ್ರಲೋಹ. ಹಳೆಯ ಪೆಟ್ರೋಲ್ ಪೈಪಿನ ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲ್ ಹಳೆಯ ರಬ್ಬರನ್ನು ಇನ್ನಷ್ಟು ಕೆಡಿಸುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿ ಬೆಂಕಿ ಹಿಡಿದು, ಮೆಗ್ನೀಸಿಯಂ ಉರಿಯತೊಡಗಿದರೆ ನೀರು ಸುರಿಯುವುದು ಅಪಾಯ. ಉರಿಯುವ ಮೆಗ್ನೀಸಿಯಂ ನೀರಿನೊಡನೆ ವರ್ತಿಸಿ ಹೈಡ್ರೋಜನ್ ಬಿಡುತ್ತದೆ, ಬೆಂಕಿ ಜೋರಾಗುತ್ತದೆ. ಕಡಿಮೆ ಬೆಲೆಯ ಒಂದು ಗಜ ಪೈಪನ್ನು ಮೊದಲ ದಿನವೇ ಬದಲಿಸಬೇಕು ಎನ್ನುವುದು ಇದಕ್ಕೇ.

ವೈರಿಂಗಿನಲ್ಲಿ ಬಗ್ಗಿಗೇ ವಿಶೇಷವಾದ ಒಂದು ತೊಂದರೆ ಇದೆ. ಉಕ್ಕಿನ ಕಾರಿನಲ್ಲಿ ದೀಪದಿಂದ ವಿದ್ಯುತ್ ಬ್ಯಾಟರಿಗೆ ಮರಳುವುದು ಮೈಯ ಲೋಹದ ಮೂಲಕವೇ. ಫೈಬರ್ ಗ್ಲಾಸ್ ವಿದ್ಯುತ್ ಹರಿಸುವುದಿಲ್ಲ. ಹಾಗಾಗಿ ಪ್ರತಿ ದೀಪಕ್ಕೂ ಮರಳುವ ವೈರನ್ನು ಬೇರೆಯಾಗಿ ಎಳೆದು ಪ್ಯಾನಿಗೆ ಬಿಗಿಯಬೇಕು. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿನುಗಿದರೆ ಬಲ್ಬ್ ಬದಲಿಸುವ ಮೊದಲು ಈ ವೈರನ್ನು ನೋಡಬೇಕು.

ಫೈಬರ್ ಮೈಯ ಬಿರುಕು ಮುಚ್ಚುವುದು ಕಷ್ಟವಲ್ಲ. ಬಿರುಕಿನ ಸುತ್ತ ಉಜ್ಜಿ, ಗಾಜಿನ ನೂಲಿನ ಹಾಸಿಟ್ಟು, ಗಟ್ಟಿಕಾರಕ ಬೆರೆಸಿದ ರಾಳ ಹಚ್ಚುತ್ತಾರೆ. ಉಜ್ಜುವಾಗ ಮಾಸ್ಕ್, ಕನ್ನಡಕ ಬೇಕೇ ಬೇಕು.

ಇಷ್ಟಾದ ಮೇಲೆ ಎಂಜಿನ್. ಗಾಳಿಯಿಂದ ತಣಿಯುವ ಎಂಜಿನ್ನಿನ ಸುತ್ತ ತಗಡಿನ ಹೊದಿಕೆಗಳಿರುತ್ತವೆ. ಫ್ಯಾನಿನ ಗಾಳಿಯನ್ನು ಸಿಲಿಂಡರುಗಳ ಮೇಲೆ ಹಾಯಿಸುವುದು, ಬಿಸಿ ಗಾಳಿ ಮತ್ತೆ ಫ್ಯಾನಿಗೆ ಸೇರದಂತೆ ತಡೆಯುವುದು ಅವುಗಳ ಕೆಲಸ. ಬಗ್ಗಿಯಲ್ಲಿ ಎಂಜಿನ್ ಹೊರಗೆ ಕಾಣುವುದರಿಂದ ಚಂದಕ್ಕೆಂದು ಎಷ್ಟೋ ಜನ ಇವನ್ನು ಕಿತ್ತೆಸೆದಿದ್ದಾರೆ. ‘ಇಷ್ಟು ಗಾಳಿ ಬೀಸುತ್ತದಲ್ಲ’ ಎಂಬುದು ಅವರ ವಾದ. ಮರಳಿನಲ್ಲಿ ಮೊದಲನೇ ಗೇರಿನಲ್ಲಿ ತೆವಳುವಾಗ ಎಲ್ಲಿಯ ಗಾಳಿ? ಇನ್ನು ದೊಡ್ಡ ಟಯರ್, ಹೆಚ್ಚು ಸಿ.ಸಿ. ಎಂಜಿನ್, ಇವೆಲ್ಲ ಕೊನೆಯ ಮಾತು. ಉರುಳಿದಾಗ ತಲೆ ಕಾಯುವ ಕಮಾನನ್ನಾದರೂ ಫೈಬರ್ ಮೈಗೆ ಬಿಗಿಯದೆ ಉಕ್ಕಿನ ಚೌಕಟ್ಟಿಗೆ ಬಿಗಿಯಬೇಕು. ಮೈಗಷ್ಟೇ ಬಿಗಿದ ಕಮಾನು ಫೋಟೋಗೆ ಮಾತ್ರ.

ಇದನ್ನೋದಿ ಮನೆಯ ಹಳೆಯ ಕಾರಿಗೆ ಗರಗಸ ಹಾಕಬೇಡಿ. ನಮ್ಮ ದೇಶದಲ್ಲಿ ತಯಾರಕರು ನೀಡಿದ ಮೂಲ ವಿವರ ಬದಲಾಗುವಂತೆ ವಾಹನ ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆ ಹಾಕುತ್ತದೆ. ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಇದನ್ನು ಎತ್ತಿಹಿಡಿದಿದೆ. ಆದರೆ ಎಂಜಿನಿಯರಿಂಗ್ ಸೇರುವವರಿಗೆ ಸರಿಯಾದ ದಾರಿಯೇ ಇದೆ. ಮೇಯರ್ಸ್ ಓಡಿಸಿದ ಅದೇ ಬಾಹಾದ ಹೆಸರಿನಲ್ಲಿ, ‘ಬಾಹಾ ಎಸ್‌ಎಇ ಇಂಡಿಯಾ’ ಎಂಬ ಸ್ಪರ್ಧೆ ನಡೆಯುತ್ತದೆ. ಕಾಲೇಜು ತಂಡಗಳು ಒಬ್ಬರು ಕೂರುವ ಬಗ್ಗಿಯನ್ನು ತಾವೇ ವಿನ್ಯಾಸ ಮಾಡಿ, ಕಟ್ಟಿ ತರುತ್ತವೆ. ಅಲ್ಲಿ ವೇಗದ ಪರೀಕ್ಷೆಗೆ ಮೊದಲು ಬ್ರೇಕಿನ ಪರೀಕ್ಷೆ. ಓಡುತ್ತಿರುವ ಗಾಡಿಗೆ ಬ್ರೇಕ್ ಹಾಕಿದಾಗ ನಾಲ್ಕೂ ಚಕ್ರಗಳು ಒಟ್ಟಿಗೆ ಕಚ್ಚಿ ನಿಲ್ಲಬೇಕು. ನಿಲ್ಲದ ಗಾಡಿಗೆ ಟ್ರ್ಯಾಕಿಗೆ ಪ್ರವೇಶವಿಲ್ಲ.