ಒಬ್ಬಟ್ಟು ‘ಒಬಟು’ ಆದ ಕಥೆ

ನಮ್ಮ ಅಣ್ಣನ ಮಗಳು ಹುಟ್ಟಿ ಬೆಳೆದದ್ದೆಲ್ಲ ಚೆನ್ನೈನಲ್ಲೇ. ಶಾಲೆಯಲ್ಲಿ ಕಲಿತದ್ದು ತಮಿಳು ಮತ್ತು ಇಂಗ್ಲಿಷ್. ಕನ್ನಡ ಅಕ್ಷರ ತಿದ್ದಿದ್ದು ಮನೆಯಲ್ಲಿ, ಅಜ್ಜಿಯ ಪಕ್ಕದಲ್ಲಿ ಕುಳಿತು. ಅಜ್ಜಿಯ ಹಬ್ಬದಡುಗೆಗಳನ್ನು ಬರೆದಿಡಬೇಕೆಂಬ ಆಸೆಯಿಂದ ಅವಳು ಅಂತರಜಾಲದಲ್ಲಿ ಒಂದು ಬ್ಲಾಗ್ ತೆರೆದಳು. ಮೊದಲ ಬರಹ ಒಬ್ಬಟ್ಟಿನದು. ಮೊಬೈಲಿನಲ್ಲಿ ತೋರಿಸಿದಾಗ ನಮ್ಮ ತಾಯಿ ಕನ್ನಡಕ ಸರಿಪಡಿಸಿಕೊಂಡು ನೋಡಿ, “ಇದೇನೇ ಪುಟ್ಟಿ, ‘ಒಬಟು’ ಅಂತ ಬರೆದಿದ್ದೀಯ? ಒತ್ತುಗಳೆಲ್ಲ ಎಲ್ಲಿ ಹೋದವು?” ಎಂದರು.

ಹುಡುಗಿ ತಪ್ಪು ಬರೆದಿರಲಿಲ್ಲ. ಅವಳು ಆರಿಸಿಕೊಂಡಿದ್ದ ಸಿದ್ಧ ವಿನ್ಯಾಸದಲ್ಲಿ ತಲೆಬರಹದ ಜಾಗವನ್ನು ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಇಟ್ಟಿದ್ದರು. ಅದಕ್ಕಿಂತ ಕೆಳಗೆ ಇಳಿದದ್ದೆಲ್ಲ ಕತ್ತರಿಸಿ ಹೋಗಿತ್ತು.

ತಮಿಳಿನಲ್ಲಿ ಈ ತೊಂದರೆ ಅಷ್ಟಾಗಿ ಬಾರದು. ಅಲ್ಲಿ ವ್ಯಂಜನದ ಮೇಲೊಂದು ಚುಕ್ಕೆ ಇಟ್ಟು ಮುಂದಿನ ಅಕ್ಷರವನ್ನು ಪಕ್ಕದಲ್ಲೇ ಬರೆಯುತ್ತಾರೆ. ನಮ್ಮಲ್ಲಿ ಒತ್ತಕ್ಷರ ಕೆಳಗೆ ಕೂರುತ್ತದೆ. ‘ರಾಷ್ಟ್ರ’, ‘ಸ್ತ್ರೀ’ ಎಂಬಂಥ ಪದಗಳಲ್ಲಿ ಎರಡೆರಡು ಒತ್ತುಗಳು. ತಮಿಳು ಓದಿ ಬೆಳೆದ ನಮ್ಮ ಮಕ್ಕಳು ಕನ್ನಡದಲ್ಲಿ ಮೊದಲು ಎಡವುವುದೇ ಇಲ್ಲಿ. ಆ ಒತ್ತುಗಳೇ ಕಾಣದಿದ್ದರೆ ಅವರು ಓದುವುದಾದರೂ ಏನನ್ನು?

ಇದಕ್ಕೆ ಪರಿಹಾರ ‘ಸ್ಟೈಲ್ ಶೀಟ್’. ಬರಹವೇ ಬೇರೆ, ಅದರ ಅಲಂಕಾರವೇ ಬೇರೆ ಎಂಬುದು ಇದರ ತತ್ವ. ಉತ್ಸವಮೂರ್ತಿ ಒಂದೇ, ದಿನಕ್ಕೊಂದು ಅಲಂಕಾರ ಇದ್ದಂತೆ. ಅಕ್ಷರದ ಗಾತ್ರ, ಬಣ್ಣ, ಸಾಲುಗಳ ಅಂತರ ಮುಂತಾದವನ್ನು ಒಂದು ಕಡೆ ಬರೆದಿಟ್ಟರೆ ಬ್ಲಾಗಿನ ಎಲ್ಲ ಪುಟಗಳೂ ಅದನ್ನು ಪಾಲಿಸುತ್ತವೆ. ನಾರ್ವೆಯ ಹೋಕೊನ್ ವಿಯುಮ್ ಲೀ ಎಂಬವರು 1994ರಲ್ಲಿ ಈ ಏರ್ಪಾಡನ್ನು ಸೂಚಿಸಿದರು. 1996ರ ಡಿಸೆಂಬರಿನಲ್ಲಿ ಅದು ಅಧಿಕೃತ ಶಿಫಾರಸಾಯಿತು. ಅದೇ 1996ರಲ್ಲಿ ಡಾ. ಯು.ಬಿ. ಪವನಜ ಅವರು ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದ್ದು ಒಂದು ಸೊಗಸಾದ ಕಾಕತಾಳೀಯ. ಆ ದಿನಗಳಲ್ಲಿ ತಾಣಕ್ಕೊಂದು ಫಾಂಟ್. ಅದು ಇಲ್ಲದಿದ್ದರೆ ಪರದೆಯ ತುಂಬ ಅರ್ಥವಾಗದ ಗುರುತುಗಳು. ಯೂನಿಕೋಡ್ ಬಳಕೆಗೆ ಬಂದು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಸೇರಿದ ಮೇಲೆ ಆ ಕಷ್ಟ ಕ್ರಮೇಣ ಕಡಿಮೆಯಾಯಿತು. ಈಗ ಉಳಿದಿರುವುದು ಅಕ್ಷರ ಅಂದವಾಗಿ ಕಾಣಬೇಕೆಂಬ ಪ್ರಶ್ನೆ.

ಈ ಪ್ರಶ್ನೆ ನಮ್ಮ ಊರಿಗೆ ಹೊಸದಲ್ಲ. ಮೆಕೆರೆಲ್ ಎಂಬವರ ಕನ್ನಡ ವ್ಯಾಕರಣ ಮದ್ರಾಸಿನಲ್ಲಿ ಅಚ್ಚಾದದ್ದು 1820ರಲ್ಲಿ. ಮುಂದೆ ವಡಪಳನಿಯಿಂದ ‘ಚಂದಮಾಮ’ ಕನ್ನಡದಲ್ಲೂ ಮನೆಮನೆಗೆ ಬರುತ್ತಿತ್ತು. ಮೊಳೆ ಜೋಡಿಸುವ ಕಾಲದಲ್ಲಿ ಎರಡು ಸಾಲುಗಳ ನಡುವೆ ತೆಳ್ಳನೆಯ ಸೀಸದ ಪಟ್ಟಿ ಇಡುತ್ತಿದ್ದರು. ಇಂದಿನ ಸ್ಟೈಲ್ ಶೀಟಿನಲ್ಲಿ ‘ಲೈನ್ ಹೈಟ್’ ಎಂಬ ಮಾತು ಮಾಡುವುದು ಅದೇ ಕೆಲಸವನ್ನು.

ಸ್ವಂತ ಬ್ಲಾಗ್ ಇರುವವರು ಗಮನಿಸಬೇಕಾದ ಕೆಲವು ಅಂಶಗಳು ಇಲ್ಲಿವೆ.

ಮೊದಲನೆಯದು, ಸಾಲಿನ ಎತ್ತರ. ಇಂಗ್ಲಿಷಿಗೆ ಅಕ್ಷರದ ಗಾತ್ರದ 1.2 ಅಥವಾ 1.4ರಷ್ಟು ಸಾಕಾಗಬಹುದು. ಕನ್ನಡಕ್ಕೆ 1.7 ಇಟ್ಟು ನೋಡಿ; ಒತ್ತುಗಳು ಕೆಳಗಿನ ಸಾಲಿನ ಗುಡಿಸು, ಕೊಂಬುಗಳಿಗೆ ತಗಲುವುದಿಲ್ಲ. ತಲೆಬರಹಗಳಿಗೆ ವಿನ್ಯಾಸದಲ್ಲಿ ನಿಗದಿತ ಎತ್ತರವಿದ್ದರೆ ಅದನ್ನು ತೆಗೆದುಹಾಕಿ. ನಮ್ಮ ‘ಒಬಟು’ ಮತ್ತೆ ಒಬ್ಬಟ್ಟಾದದ್ದು ಇಷ್ಟರಿಂದಲೇ.

ಎರಡನೆಯದು, ಗಾತ್ರ. ಬ್ರೌಸರುಗಳ ವಾಡಿಕೆಯ 16 ಪಿಕ್ಸೆಲ್ ಕನ್ನಡಕ್ಕೆ ಕೊಂಚ ಚಿಕ್ಕದು. 18 ಅಥವಾ 19 ಇಟ್ಟರೆ ಹಿರಿಯರಿಗೆ ಅನುಕೂಲ. ಬಿಳಿಯ ಮೇಲೆ ತೆಳು ಬೂದು ಬಣ್ಣದ ಅಕ್ಷರ ನೋಡಲು ಚಂದ, ಓದಲು ಕಷ್ಟ.

ಮೂರನೆಯದು, ಫಾಂಟ್. ನೋಟೋ ಸಾನ್ಸ್ ಕನ್ನಡ, ತಿರೋ ಕನ್ನಡ, ಬಾಲೂ ತಮ್ಮ ಮುಂತಾದವು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಒಂದೇ ಫಾಂಟಿನ ಹೆಸರು ಬರೆದು ಬಿಡಬೇಡಿ, ಸಾಲಾಗಿ ಎರಡು ಮೂರು ಬರೆಯಿರಿ. ಮೊದಲನೆಯದರಲ್ಲಿ ಇಲ್ಲದ ಅಕ್ಷರವನ್ನು ಬ್ರೌಸರು ಎರಡನೆಯದರಲ್ಲಿ ಹುಡುಕುತ್ತದೆ. ಮೊದಲು ಇಂಗ್ಲಿಷ್ ಫಾಂಟ್, ನಂತರ ಕನ್ನಡದ್ದು ಇಟ್ಟರೆ ಎರಡು ಭಾಷೆಗಳೂ ತಮ್ಮ ತಮ್ಮ ರೂಪದಲ್ಲಿ ಕಾಣುತ್ತವೆ.

ನಾಲ್ಕನೆಯದು, ಓರೆ ಅಕ್ಷರ ಮತ್ತು ಎರಡೂ ಅಂಚು ಸಮ ಮಾಡುವ ಚಪಲ. ಓರೆ ಅಕ್ಷರ ಇಂಗ್ಲಿಷಿನ ರೂಢಿ. ಓರೆ ರೂಪವಿಲ್ಲದ ಕನ್ನಡ ಫಾಂಟನ್ನು ಬ್ರೌಸರು ಬಲವಂತವಾಗಿ ಬಾಗಿಸುತ್ತದೆ. ಒತ್ತಿ ಹೇಳಬೇಕಾದರೆ ದಪ್ಪ ಅಕ್ಷರ ಸಾಕು. ಇನ್ನು ನಮ್ಮ ಪದಗಳು ಸಂಧಿ, ವಿಭಕ್ತಿಗಳಿಂದ ಉದ್ದವಾಗುತ್ತವೆ. ಮೊಬೈಲಿನ ಕಿರಿದಾದ ಪರದೆಯಲ್ಲಿ ಎರಡೂ ಅಂಚು ಸಮ ಮಾಡಿದರೆ ಪದಗಳ ನಡುವೆ ಹಲ್ಲು ಬಿದ್ದ ಹಾಗೆ ಖಾಲಿ ಜಾಗ ಉಳಿಯುತ್ತದೆ. ಎಡ ಅಂಚು ಮಾತ್ರ ನೇರವಾಗಿರಲಿ.

ಇದನ್ನೆಲ್ಲ ಬರೆಯುವುದೆಲ್ಲಿ? ಗೂಗಲ್‌ನ ಬ್ಲಾಗರ್‌ನಲ್ಲಿ ‘ಥೀಮ್’ ವಿಭಾಗಕ್ಕೆ ಹೋಗಿ ‘ಕಸ್ಟಮೈಸ್’ ಒತ್ತಿ. ಅಲ್ಲಿ ‘ಅಡ್ವಾನ್ಸ್ಡ್’ ಎಂಬುದರ ಪಟ್ಟಿಯಲ್ಲಿ ‘ಆ್ಯಡ್ ಸಿಎಸ್‌ಎಸ್’ ಎಂದಿರುತ್ತದೆ. ಸೂಚನೆಗಳನ್ನು ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು. ಕೈಹಾಕುವ ಮುನ್ನ ಹಳೆಯ ವಿನ್ಯಾಸದ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳಿ; ಕೆಟ್ಟರೆ ಹಿಂದಿರುಗಬಹುದು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಮೊಬೈಲಿನಲ್ಲೂ ನೋಡಿ.

ನಮ್ಮ ಹುಡುಗಿಗೆ ಈ ಕೆಲಸಕ್ಕೆ ಹಿಡಿದದ್ದು ಒಂದು ಭಾನುವಾರದ ಮಧ್ಯಾಹ್ನ. ಸಂಜೆ ಅಜ್ಜಿ ಮತ್ತೊಮ್ಮೆ ಮೊಬೈಲ್ ಹಿಡಿದು, ಬರಹವನ್ನು ಗಟ್ಟಿಯಾಗಿ ಕೊನೆಯವರೆಗೂ ಓದಿದರು. ಓದಿ ಮುಗಿಸಿ, “ಅಕ್ಷರ ಸರಿಯಾಯ್ತು. ಆದರೆ ಹೂರಣಕ್ಕೆ ಏಲಕ್ಕಿ ಹಾಕೋದನ್ನೇ ಬಿಟ್ಟಿದ್ದೀಯಲ್ಲೇ!” ಎಂದರು.

ಆ ತಪ್ಪು ಮೊದಲ ದಿನವೂ ಅಲ್ಲೇ ಇತ್ತು. ಅಕ್ಷರ ನೆಟ್ಟಗೆ ಕಂಡ ಮೇಲಷ್ಟೇ ಅವರ ಗಮನ ಅಡುಗೆಯ ಕಡೆ ಹರಿಯಿತು. ನಿಮ್ಮ ಮನೆಯಲ್ಲಿ ಯಾರಾದರೂ ಕನ್ನಡದಲ್ಲಿ ಬ್ಲಾಗ್ ಬರೆಯುತ್ತಿದ್ದರೆ ಒಮ್ಮೆ ಹಿರಿಯರ ಕೈಗೂ ಮಕ್ಕಳ ಕೈಗೂ ಕೊಟ್ಟು ಓದಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿಂದಲೇ ತಿದ್ದಲು ಶುರುಮಾಡಿ.