ಗಾಡಿಗೆ ದೊಡ್ಡ ಡೈನಮೋ ಬೇಕೆ?

ಕಬ್ಬಿನ ಹಂಗಾಮಿನಲ್ಲಿ ಗಡಹಿಂಗ್ಲಜ ಸುತ್ತಿನ ಸಕ್ಕರೆ ಕಾರ್ಖಾನೆಗಳ ಮುಂದೆ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಪಾಳಿ ಕಾಯುತ್ತವೆ. ಎಂಜಿನ್ ಬಂದ್, ಟೇಪ್ ಚಾಲೂ. ಬೆಳಗ್ಗೆ ಕೀಲಿ ತಿರುವಿದರೆ ಸೆಲ್ಫ್ ‘ಟಕ್’ ಎಂದು ಸುಮ್ಮನಾಗುತ್ತದೆ. “ಡೈನಮೋ ಸಣ್ಣದೈತಿ, ದೊಡ್ಡದ ಹಾಕಸಬೇಕ” ಎಂಬ ಮಾತು ಆಗ ಬರುತ್ತದೆ. ಕೊಲ್ಹಾಪುರ, ಇಚಲಕರಂಜಿಯಿಂದ ವ್ಯಾನಿನಲ್ಲೇ ಹಾಸಿಗೆ, ಫ್ರಿಜ್ ಇಟ್ಟುಕೊಂಡು ಅಂಬೋಲಿ ಘಾಟಿಗೆ ಹೊರಡುವವರಿಗೂ ಇದೇ ಅನುಮಾನ. ಆದರೆ ಎಂಜಿನ್ ನಿಂತ ಮೇಲೆ ಎಂಥ ದೊಡ್ಡ ಡೈನಮೋ, ಅಂದರೆ ಅಲ್ಟರ್ನೇಟರೂ, ಒಂದು ಆಂಪಿಯರ್ ಕೊಡದು. ರಾತ್ರಿಯ ಖರ್ಚೆಲ್ಲ ಬ್ಯಾಟರಿಯದೇ.

ವ್ಯಾನಿನ ಲೆಕ್ಕ ಹಾಕೋಣ. 12 ವೋಲ್ಟಿನ ಸಣ್ಣ ಫ್ರಿಜ್ ಓಡುವಾಗ ಸುಮಾರು 4 ಆಂಪಿಯರ್ ಎಳೆಯುತ್ತದೆ. ದಿನಕ್ಕೆ 8 ಗಂಟೆ ಓಡಿದರೆ 32 ಆಂಪಿಯರ್-ಅವರ್. ಫ್ಯಾನು, ದೀಪ, ಮೊಬೈಲು ಸೇರಿ 50 ಎನ್ನಿ. ಅಲ್ಟರ್ನೇಟರ್ ಕೊಡುವುದರಲ್ಲಿ ಗಾಡಿಯ ಸ್ವಂತ ಖರ್ಚು ಕಳೆದು 30 ಆಂಪಿಯರ್ ಉಳಿದರೂ ಎರಡು ಗಂಟೆಯ ಓಟ ಸಾಕು.

ಸಾಕಾಗದಿದ್ದರೆ ಕಾರಣ ಬೇರೆ. ಸೀಸದ ಬ್ಯಾಟರಿ ಮುಕ್ಕಾಲು ತುಂಬಿದ ಮೇಲೆ ವಿದ್ಯುತ್ತನ್ನು ನಿಧಾನವಾಗಿ ತೆಗೆದುಕೊಳ್ಳುತ್ತದೆ. ಕೊನೆಯ ಪಾಲಿಗೆ ಗಂಟೆಗಟ್ಟಲೆ ಬೇಕು. ದೊಡ್ಡ ಡೈನಮೋ ಹಾಕುವುದೆಂದರೆ ಹೊಟ್ಟೆ ತುಂಬಿದ ಎತ್ತಿನ ಮುಂದೆ ಇನ್ನೊಂದು ಹೊರೆ ಮೇವು ಒಗೆದಂತೆ.

ಲಿಥಿಯಂ ಬ್ಯಾಟರಿಯದು ತದ್ವಿರುದ್ಧ ಸ್ವಭಾವ. ಕೊಟ್ಟಷ್ಟನ್ನೂ ಎಳೆದುಕೊಳ್ಳುತ್ತದೆ. ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ ಅಲ್ಟರ್ನೇಟರಿನ ಫ್ಯಾನೂ ನಿಧಾನ. ತಂಪು ಸಾಲದೆ ಸುರುಳಿಯ ಲೇಪ, ಡಯೋಡುಗಳು ಸುಟ್ಟುಹೋಗಬಹುದು. ಇಲ್ಲಿ ಬೇಕಾದದ್ದು 20–30 ಆಂಪಿಯರಿಗೆ ಕಡಿವಾಣ ಹಾಕುವ ಡಿಸಿ-ಡಿಸಿ ಚಾರ್ಜರ್.

ಬಹಳ ಮಂದಿ ನೋಡದೇ ಬಿಡುವುದು ವೈರನ್ನು. ಫ್ರಿಜ್, ಫ್ಯಾನಿಗೆಂದು ವ್ಯಾನಿನ ಹಿಂಭಾಗದಲ್ಲಿಟ್ಟ ಬ್ಯಾಟರಿಗೆ ಹೋಗಿ ಬರುವ ದಾರಿ 10 ಮೀಟರ್, ವೈರು 4 ಚದರ ಮಿಲಿಮೀಟರಿನ ತಾಮ್ರ, ಹರಿಯುವುದು 30 ಆಂಪಿಯರ್ ಎಂದಾದರೆ ದಾರಿಯಲ್ಲೇ ಸುಮಾರು 1.3 ವೋಲ್ಟ್ ಸೋರುತ್ತದೆ. 14.2 ಹೊರಟದ್ದು 12.9 ಆಗಿ ತಲುಪಿದರೆ ಬ್ಯಾಟರಿ ಬೇಗ ತುಂಬುವುದೆಂತು? 16 ಚದರ ಮಿಲಿಮೀಟರಿನ ಕೇಬಲ್ ಎಳೆದರೆ ನಷ್ಟ 0.3 ವೋಲ್ಟಿಗೆ ಇಳಿಯುತ್ತದೆ.

ದಿನಾ ಇಂಡಕ್ಷನ್ ಒಲೆಯಲ್ಲಿ ಅಡುಗೆ, ರಾತ್ರಿ ಎಸಿ ಬೇಕೆನ್ನುವವರಿಗೆ ದೊಡ್ಡ ಡೈನಮೋ ಬೇಕಾದೀತು. ಆದರೆ 150 ಆಂಪಿಯರ್ ಪೂರ್ತಿ ಕೊಡುವಾಗ ಅದು ಬೆಲ್ಟಿನಿಂದ ಸುಮಾರು 5 ಅಶ್ವಶಕ್ತಿ ಕೇಳುತ್ತದೆ. ಹಳೆಯ ಬೆಲ್ಟು, ಬ್ರಾಕೆಟ್ಟು ಅದನ್ನು ತಡೆಯಬೇಕು.

ದುಡ್ಡು ಬಿಚ್ಚುವ ಮೊದಲು ಎಂಜಿನ್ ಓಡಿಸಿ, ಹಿಂದಿನ ಬ್ಯಾಟರಿ ಚಾರ್ಜ್ ಆಗುತ್ತಿರುವಾಗಲೇ ಮಲ್ಟಿಮೀಟರ್ ಹಿಡಿದು ಎರಡು ಕಡೆ ಅಳೆಯಿರಿ: ಒಮ್ಮೆ ಅಲ್ಟರ್ನೇಟರಿನಲ್ಲಿ, ಒಮ್ಮೆ ಹಿಂದಿನ ಬ್ಯಾಟರಿಗೆ ಬಂದು ಸೇರುವ ವೈರಿನ ತುದಿಯಲ್ಲಿ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಮೊದಲು ವೈರು ಬದಲಿಸಿ.