ಹಳೆಯ ಮೀಟರಿಗೆ ಬದಲಿ ವಾಲ್ವ್: ಸಾಕೆಟ್ಟಿನಲ್ಲಿ ಕುಳಿತರೆ ಸಾಲದು

ಟ್ರಾನ್ಸಿಸ್ಟರ್ ಬರುವ ಮೊದಲು ಹೆಚ್ಚಿನ ರೇಡಿಯೊ, ಆಸಿಲೋಸ್ಕೋಪ್, ಎಲೆಕ್ಟ್ರಾನಿಕ್ ವೋಲ್ಟ್‌ಮೀಟರುಗಳು ಗಾಜಿನ ನಿರ್ವಾತ ಕೊಳವೆಗಳಿಂದ ಕೆಲಸ ಮಾಡುತ್ತಿದ್ದವು. ನಮ್ಮಲ್ಲಿ ಇವನ್ನು ವಾಲ್ವ್ ಎನ್ನುತ್ತಾರೆ. ಬೆಂಗಳೂರಿನ ಬಿಇಎಲ್ ಕೂಡ ಒಂದು ಕಾಲದಲ್ಲಿ ವಾಲ್ವ್ ತಯಾರಿಸುತ್ತಿತ್ತು. ಈಗ ಅಂಥ ಹಳೆಯ ಉಪಕರಣ ಕೆಟ್ಟರೆ ಅದೇ ನಂಬರಿನ ವಾಲ್ವ್ ಸುಲಭವಾಗಿ ಸಿಗುವುದಿಲ್ಲ. ಅದರಂಥದ್ದೇ ಇನ್ನೊಂದನ್ನು ಹಾಕಬಹುದೇ? ಹಾಕಬಹುದು. ಆದರೆ ಮೂರು ವಿಷಯಗಳನ್ನು ನೋಡಿಕೊಳ್ಳಬೇಕು.

ಮೊದಲನೆಯದು ಹೀಟರ್. ವಾಲ್ವಿನ ಒಳಗಿನ ಈ ತಂತಿ ಕಾದಾಗ ಮಾತ್ರ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಅಮೆರಿಕದ ನಂಬರಿನಲ್ಲಿ ಮೊದಲಿಗೆ 6 ಇದ್ದರೆ ಹೀಟರಿಗೆ 6.3 ವೋಲ್ಟ್, 12 ಇದ್ದರೆ 12.6 ವೋಲ್ಟ್ ಬೇಕು. ಯುರೋಪಿನ ಹೆಸರಿನಲ್ಲಿ ‘ಇ’ ಎಂದರೆ 6.3 ವೋಲ್ಟ್. 12ಎಯು7 ಮತ್ತು ಇಸಿಸಿ82 ಒಂದೇ ವಾಲ್ವಿನ ಎರಡು ಹೆಸರು. ಇದರ ಹೀಟರನ್ನು ಎರಡೂ ವೋಲ್ಟೇಜಿನಲ್ಲಿ ನಡೆಸಬಹುದು, 6.3 ವೋಲ್ಟಿನಲ್ಲಿ ಅದು 300 ಮಿಲಿಆಂಪಿಯರ್ ಎಳೆಯುತ್ತದೆ. ಇದರ ಬದಲಿಗೆ ಬಳಸುವ 5814ಎ 350 ಎಳೆಯುತ್ತದೆ. ಟ್ರಾನ್ಸ್‌ಫಾರ್ಮರಿಗೆ ಆ ಶಕ್ತಿ ಇದ್ದರೆ ತೊಂದರೆಯಿಲ್ಲ. ಹೀಟರುಗಳನ್ನು ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಎರಡನೆಯದು ಪಿನ್ನುಗಳು. 12ಎಎಕ್ಸ್7 ಮತ್ತು 6ಡಿಜೆ8 ಎರಡಕ್ಕೂ 9 ಪಿನ್, ಎರಡರಲ್ಲೂ ಎರಡೆರಡು ಟ್ರಯೋಡ್. 12ಎಎಕ್ಸ್7ಗೆ 6.3 ವೋಲ್ಟ್ ಕೊಡುವಾಗ 4 ಮತ್ತು 5ನೇ ಪಿನ್ನುಗಳನ್ನು ಒಟ್ಟಿಗೆ ಸೇರಿಸಿರುತ್ತಾರೆ. 6ಡಿಜೆ8ನಲ್ಲಿ ಅವೇ ಹೀಟರಿನ ಎರಡು ತುದಿಗಳು. ಹಾಗಾಗಿ ಆ ಸಾಕೆಟ್ಟಿನಲ್ಲಿ ಅದು ಕುಳಿತರೂ ಕಾಯುವುದಿಲ್ಲ. ಸಾಕೆಟ್ಟಿಗೆ 12.6 ವೋಲ್ಟ್ ಕೊಟ್ಟಿದ್ದರೆ ಹೀಟರಿಗೆ ಎರಡು ಪಟ್ಟು ವೋಲ್ಟೇಜ್ ಬಿದ್ದು ವಾಲ್ವ್ ಹಾಳಾಗುತ್ತದೆ.

ಮೂರನೆಯದು ವಾಲ್ವಿನ ಗುಣ. 12ಎಯು7, 12ಎಟಿ7, 12ಎಎಕ್ಸ್7 ಇವುಗಳ ಹೀಟರ್ ಒಂದೇ, ಪಿನ್ನುಗಳೂ ಒಂದೇ. ಆದರೆ ವರ್ಧನಾಂಕ ಮೊದಲನೆಯದಕ್ಕೆ 20ರೊಳಗೆ, ಎರಡನೆಯದಕ್ಕೆ 60, ಮೂರನೆಯದಕ್ಕೆ 100. 250 ವೋಲ್ಟಿನ ಮಾದರಿ ಸ್ಥಿತಿಯಲ್ಲಿ 12ಎಯು7ನಲ್ಲಿ 10 ಮಿಲಿಆಂಪಿಯರಿಗಿಂತ ಸ್ವಲ್ಪ ಹೆಚ್ಚು ಪ್ರವಾಹ ಹರಿದರೆ, 12ಎಎಕ್ಸ್7ನಲ್ಲಿ ಹರಿಯುವುದು ಸುಮಾರು 1.2 ಮಾತ್ರ.

ಅಳೆಯುವ ಉಪಕರಣದಲ್ಲಿ ಈ ಮೂರನೆಯದೇ ಹೆಚ್ಚು ಅಪಾಯ. 1950ರ ದಶಕದ ಅಮೆರಿಕದ ಹೀತ್‌ಕಿಟ್ ವಿ-7ಎ ವೋಲ್ಟ್‌ಮೀಟರನ್ನು ನೋಡಿ. ಅದರಲ್ಲಿ 12ಎಯು7ನ ಎರಡು ಭಾಗಗಳು ತಕ್ಕಡಿಯ ಎರಡು ತಟ್ಟೆಗಳಂತೆ ಸಮವಾಗಿ ನಿಂತಿರುತ್ತವೆ. ಅಳೆಯುವ ವೋಲ್ಟೇಜ್ ಆ ಸಮತೋಲವನ್ನು ಕದಲಿಸಿದಷ್ಟೂ ಮುಳ್ಳು ಸರಿಯುತ್ತದೆ. ಅಲ್ಲಿ 12ಎಎಕ್ಸ್7 ಹಾಕಿದರೂ ವಾಲ್ವ್ ಬೆಳಗುತ್ತದೆ, ಮುಳ್ಳು ಆಡುತ್ತದೆ, ಸೊನ್ನೆಗೂ ಬರಬಹುದು. ಆದರೆ ಸ್ಕೇಲಿನ ಒಂದು ಕಡೆ ಸರಿಯಿದ್ದ ಅಳತೆ ಇನ್ನೊಂದು ಕಡೆ ತಪ್ಪಬಹುದು.

ಕಾಮರ್ಸ್ ಓದುವ ನಮಗೆ ಇದು ಹೊಸದಲ್ಲ. ತಾಳೆ ಪಟ್ಟಿಯ ಎರಡೂ ಕಡೆ ಮೊತ್ತ ಸಮವಾದರೂ ಲೆಕ್ಕದಲ್ಲಿ ತಪ್ಪು ಉಳಿದಿರಬಹುದು ಎಂದು ಅಕೌಂಟೆನ್ಸಿಯಲ್ಲಿ ಕಲಿತಿದ್ದೇವೆ. ರೇಡಿಯೊದಲ್ಲಿ ತಪ್ಪು ವಾಲ್ವ್ ಇದ್ದರೆ ಸದ್ದು ಕೆಡುತ್ತದೆ, ಕಿವಿಗೆ ಗೊತ್ತಾಗುತ್ತದೆ. ಮೀಟರಿನಲ್ಲಿದ್ದರೆ ಅದು ಸದ್ದಿಲ್ಲದೆ ಸುಳ್ಳು ಹೇಳುತ್ತದೆ. ಆ ಸುಳ್ಳನ್ನು ನಂಬಿ ‘ಇಲ್ಲಿ ವೋಲ್ಟೇಜ್ ಕಡಿಮೆ’ ಎಂದು ಯಾರಾದರೂ ಕೈ ಹಾಕಿದರೆ ಜೀವಕ್ಕೇ ಅಪಾಯ.

ಆದ್ದರಿಂದ ಮೊದಲು ಉಪಕರಣದ ಕೈಪಿಡಿಯಲ್ಲಿ ಆ ವಾಲ್ವಿನ ಕೆಲಸ ಏನೆಂದು ನೋಡಬೇಕು. ಬದಲಿ ಹಾಕಿದ ಮೇಲೆ ಚೆನ್ನಾಗಿ ಕಾಯಲು ಬಿಟ್ಟು, ಸೊನ್ನೆ ಹೊಂದಿಸಿ, ಗೊತ್ತಿರುವ ವೋಲ್ಟೇಜುಗಳನ್ನು ಸ್ಕೇಲಿನ ಎರಡು ಮೂರು ಕಡೆ ಅಳೆದು ತಾಳೆ ನೋಡಬೇಕು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಉಳಿದಿರಬಹುದು. ಬಲ್ಲವರು ಜೊತೆಗಿಲ್ಲದೆ ಮುಚ್ಚಳ ತೆಗೆಯಬೇಡಿ. ಕೊನೆಗೆ, ಯಾವ ವಾಲ್ವ್ ತೆಗೆದು ಯಾವುದನ್ನು ಹಾಕಿದಿರಿ ಎಂದು ತಾರೀಖಿನ ಸಮೇತ ಒಂದು ಚೀಟಿ ಬರೆದು ಒಳಗೆ ಅಂಟಿಸಿ. ಮುಂದೆ ಅದನ್ನು ತೆರೆಯುವವರು ಊಹೆಯ ಮೇಲೆ ಕೆಲಸ ಮಾಡಬೇಕಾಗುವುದಿಲ್ಲ.